ಹಾಲು-ರೊಟ್ಟಿ ಸಾಲದು: ಬೆಕ್ಕು ಸಾಕಿದವರಿಗೆ ಹಿರಿಯರ ಕಿವಿಮಾತು

ಬೀಳಗಿ ತಾಲ್ಲೂಕಿನ ಬಾಡಗಂಡಿ ಸುತ್ತಮುತ್ತ ಬೆಕ್ಕಿಲ್ಲದ ಒಕ್ಕಲುಮನೆ ಅಪರೂಪ. ಸಕ್ಕರೆ ಕಾರ್ಖಾನೆಯ ಆಸುಪಾಸಿನಲ್ಲೆಲ್ಲ ಕಬ್ಬಿನ ಪಡ, ಅಂಗಳದಲ್ಲಿ ಗೋವಿನಜೋಳದ ರಾಶಿ, ಪಡಸಾಲೆಯಲ್ಲಿ ಜೋಳದ ಚೀಲ. ಇಷ್ಟಿದ್ದ ಮೇಲೆ ಇಲಿ-ಹೆಗ್ಗಣ ಬಂದೇ ಬರುತ್ತವೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಾದರೆ ನೂಲನ್ನೂ ಸೀರೆಯನ್ನೂ ಇಲಿಯಿಂದ ಉಳಿಸಿಕೊಳ್ಳಬೇಕು. ಹೀಗೆ ವರ್ಷವಿಡೀ ನಮ್ಮ ಕಾಳುಕಡಿ ಕಾಯುವ ಜೀವಕ್ಕೆ ನಾವು ಹಾಕುವುದು ಒಂದು ತುಣುಕು ರೊಟ್ಟಿ, ಅದರ ಮೇಲೆ ನಾಲ್ಕು ಹನಿ ಹಾಲು.

ನಮ್ಮ ಸೀಮೆಯ ಮುಧೋಳ ನಾಯಿಗೆ ದೊಡ್ಡ ಹೆಸರಿದೆ. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯೂ ಬಂತು. ಆ ನಾಯಿಗೆ ಏನು ಹಾಕಿದರೆ ಮೈ ಕಟ್ಟುತ್ತದೆ ಎಂದು ಕೇಳಿದರೆ ಹತ್ತು ಜನ ಹೇಳುತ್ತಾರೆ. ಬೆಕ್ಕಿನ ಊಟದ ಬಗ್ಗೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ಬೆಕ್ಕಿಗೆ ದಿನಾ ಒಂದಿಷ್ಟು ಮಾಂಸವೋ ಮೀನೋ ಬೇಕೇಬೇಕು. ಅದನ್ನು ಬಡವರ ಮನೆಯಲ್ಲೂ ಹೊಂದಿಸಬಹುದು.

ಮೊದಲು ಇದು ತಿಳಿದಿರಲಿ

- ನಾಯಿ ರೊಟ್ಟಿ-ನುಚ್ಚು ಅರಗಿಸಿಕೊಂಡು ಬದುಕೀತು, ಬೆಕ್ಕು ಬದುಕದು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ಅಂಶ ಬೇಕು. ಅದು ಮಾಂಸ, ಮೀನಿನಲ್ಲಿ ಇರುತ್ತದೆ. ಜೋಳ, ಅಕ್ಕಿ, ಬೇಳೆಯಲ್ಲಿ ಇಲ್ಲ. ಟಾರಿನ್ ಸಾಲದ ಬೆಕ್ಕು ನಿಧಾನವಾಗಿ ಕುರುಡಾಗುತ್ತದೆ, ಅದರ ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ರೋಗಕ್ಕೆ ಟಾರಿನ್ ಕೊರತೆಯೇ ಕಾರಣವೆಂದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು.

- ಗಜ್ಜರಿ, ಕುಂಬಳಕಾಯಿಯ ಬಣ್ಣದಿಂದ ನಮ್ಮ ದೇಹ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಆ ಶಕ್ತಿ ಇಲ್ಲ. ಪಿತ್ತಜನಕಾಂಗ, ತತ್ತಿಯ ಹಳದಿ ಭಾಗ, ಮೀನು ಇವುಗಳಿಂದ ಆ ಜೀವಸತ್ವ ನೇರವಾಗಿ ಸಿಗಬೇಕು.

- "ಹೊಟ್ಟೆ ತುಂಬ ಹಾಕಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ" ಎಂಬ ಮಾತನ್ನು ನಂಬಿ ಬೆಕ್ಕನ್ನು ಉಪವಾಸ ಕೆಡವಬೇಡಿ. ಬೇಟೆ ಅದರ ಹುಟ್ಟುಗುಣ, ಹಸಿವೆ ಇಲ್ಲದಿದ್ದರೂ ಹಾರಿ ಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾಂಸ ಹೆಚ್ಚಿರುವ ಊಟ ಕೊಟ್ಟಾಗ ಮನೆಬೆಕ್ಕುಗಳ ಬೇಟೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯಿತೇ ಹೊರತು ನಿಲ್ಲಲಿಲ್ಲ. ಹಸಿದ ಬೆಕ್ಕು ನಾಲ್ಕು ಮನೆ ಅಲೆಯುತ್ತದೆ, ರಸ್ತೆ ದಾಟುವಾಗ ಟ್ರ್ಯಾಕ್ಟರಿಗೆ ಸಿಗುತ್ತದೆ. ಹೊಟ್ಟೆ ತಣ್ಣಗಿರುವ ಬೆಕ್ಕು ನಿಮ್ಮ ಚೀಲದ ಬಳಿಯೇ ಇರುತ್ತದೆ.

- ಇಲಿಯೊಂದನ್ನೇ ತಿಂದು ಬದುಕಬೇಕೆಂದರೆ ಬೆಕ್ಕಿಗೆ ದಿನಕ್ಕೆ ಎಂಟು-ಹತ್ತು ಸುಂಡಿಲಿಯಾದರೂ ಸಿಗಬೇಕು. ಸುಗ್ಗಿಯಲ್ಲಿ ಸಿಕ್ಕಾವು, ಬೇಸಿಗೆಯಲ್ಲಿ ಬರಿದಾದ ಹೊಲದಲ್ಲಿ ಎಲ್ಲಿಂದ ಬರಬೇಕು? ಉಳಿದದ್ದನ್ನು ನಾವು ತುಂಬಿಸಬೇಕು.

ಎಷ್ಟು ಹಾಕಬೇಕು

- ನಮ್ಮ ಊರ ಬೆಕ್ಕುಗಳು ಸುಮಾರು 3 ಕಿಲೋ ತೂಗುತ್ತವೆ. ಅಂಥದಕ್ಕೆ ದಿನಕ್ಕೆ 180ರಿಂದ 200 ಕ್ಯಾಲೊರಿ ಸಾಕು. ಅಂದರೆ ಬೇಯಿಸಿದ ಎಲುಬಿಲ್ಲದ ಕೋಳಿ 75 ಗ್ರಾಂ, ಅರ್ಧ ತತ್ತಿ, ಅದರ ಜೊತೆ ಮಾಂಸ ಕುದಿಸಿದ ನೀರು. ಇಡೀ ದಿನದ ಮಾಂಸ ನಿಮ್ಮ ಒಂದು ಬೊಗಸೆಯನ್ನೂ ತುಂಬುವುದಿಲ್ಲ. ಇಷ್ಟೇ ಖರ್ಚು ಎಂಬುದು ಮೊದಲು ಮನಸ್ಸಿಗೆ ಬಂದರೆ ಅರ್ಧ ಹೆದರಿಕೆ ಹೋಗುತ್ತದೆ.

- ಒಂದೇ ಸಲ ಹಾಕಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ. ಹೊತ್ತು ತಪ್ಪದಿದ್ದರೆ ಬೆಕ್ಕು ಅಡುಗೆಮನೆಯಲ್ಲಿ ಕಳ್ಳತನವನ್ನೂ ಬಿಡುತ್ತದೆ.

- ಎರಡು-ಮೂರು ಬೆಕ್ಕಿದ್ದರೆ ಬೇರೆ ಬೇರೆ ತಟ್ಟೆ ಇಡಿ. ಒಂದೇ ಪರಿಯಾಣದಲ್ಲಿ ಹಾಕಿದರೆ ಗಟ್ಟಿ ಗಂಡುಬೆಕ್ಕು ತಿಂದು ಹೋಗುತ್ತದೆ, ಮರಿಗೂ ಬಾಣಂತಿಗೂ ನೆಕ್ಕುವುದಷ್ಟೇ ಉಳಿಯುತ್ತದೆ.

ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತದೆ

- ಕೋಳಿ ಅಂಗಡಿಯವನ ಪರಿಚಯ ಮಾಡಿಕೊಳ್ಳಿ. ಗಿರಾಕಿಗಳು ಬೇಡವೆನ್ನುವ ಕೊರಳು, ಗುಂಡಿಗೆ, ಲಿವರ್, ಬೆನ್ನಿನ ತುಣುಕುಗಳನ್ನು ಆತ ಕಡಿಮೆ ರೇಟಿಗೆ ಕೊಡುತ್ತಾನೆ. ಇವುಗಳಲ್ಲಿ ಗುಂಡಿಗೆ ಎಲ್ಲಕ್ಕಿಂತ ಮೇಲು. ಟಾರಿನ್ ತುಂಬಿರುವ ಭಾಗ ಅದು. ಎದೆಯ ಬಿಳಿ ಮಾಂಸಕ್ಕಿಂತ ತೊಡೆಯ ಕೆಂಪು ಮಾಂಸದಲ್ಲಿ ಅದು ಹೆಚ್ಚು.

- ಲಿವರ್ ಅಗ್ಗವೆಂದು ದಿನಾ ಹಾಕಬೇಡಿ. ವಾರಕ್ಕೆ ಒಂದು ಕೋಳಿಯ ಲಿವರ್ ಸಾಕು. ತಿಂಗಳುಗಟ್ಟಲೆ ಅದನ್ನೇ ತಿಂದರೆ ಎ ಜೀವಸತ್ವ ಮೈಯಲ್ಲಿ ಹೆಚ್ಚಾಗಿ ಕುತ್ತಿಗೆ, ಬೆನ್ನೆಲುಬು ಸೆಟೆದು ಬೆಕ್ಕಿಗೆ ತಲೆ ತಿರುಗಿಸಲೂ ಆಗದಂತಾಗುತ್ತದೆ.

- ಆಲಮಟ್ಟಿ ಹಿನ್ನೀರು ಬೀಳಗಿ ತಾಲ್ಲೂಕಿನ ಎಷ್ಟೋ ಹೊಲಮನೆಗಳನ್ನು ನುಂಗಿತು. ಅದೇ ನೀರಿನಲ್ಲಿ ಈಗ ಮೀನು ಹಿಡಿದು ಬದುಕುವವರಿದ್ದಾರೆ. ಕಾಟ್ಲಾ, ರೋಹು ಕೊಯ್ದು ಕೊಟ್ಟ ಮೇಲೆ ಉಳಿಯುವ ತಲೆ, ಬಾಲ, ಸಣ್ಣ ಜಿಲೇಬಿ ಮೀನು ಕೇಳಿ ತನ್ನಿ. ವಾರಕ್ಕೆ ಎರಡು ಸಲ ಮೀನಾದರೆ ಒಳ್ಳೆಯದು, ಏಳೂ ದಿನ ಬೇಡ.

- ಮೀನನ್ನು ಹಸಿಯಾಗಿ ಹಾಕುವ ರೂಢಿ ಬಿಡಿ. ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಅಂಶವಿರುತ್ತದೆ. ಬಿ1 ಕಡಿಮೆಯಾದರೆ ಬೆಕ್ಕು ತೂರಾಡುತ್ತದೆ, ಸೆಳವು ಬರುತ್ತದೆ. ಚೆನ್ನಾಗಿ ಬೇಯಿಸಿದರೆ ಆ ಹಾಳು ಅಂಶ ನಾಶವಾಗುತ್ತದೆ. ಸಂತೆಯ ಒಣಮೀನಿನಲ್ಲಿ ಉಪ್ಪು ವಿಪರೀತ, ಅದನ್ನು ಬೆಕ್ಕಿನ ನಿತ್ಯದ ಊಟ ಮಾಡಬೇಡಿ.

- ತತ್ತಿ ನಮ್ಮ ಕಡೆ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುವ ಸೋವಿ ಆಹಾರ. ಕುದಿಸಿ, ಕಿವುಚಿ ಹಾಕಿ. ಹಸಿ ಬಿಳಿ ಭಾಗ ಬಯೋಟಿನ್ ಎಂಬ ಜೀವಸತ್ವವನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಹಸಿ ಬೇಡ. ತತ್ತಿಯಲ್ಲಿ ಟಾರಿನ್ ಬಹಳ ಕಡಿಮೆ, ಹಾಗಾಗಿ ತತ್ತಿಯೊಂದನ್ನೇ ನಂಬಬೇಡಿ.

ಕುದಿಸುವ ಬಗೆ

- ಅರ್ಧ ಕಿಲೋ ಕೋಳಿ ತುಣುಕುಗಳನ್ನು ತೊಳೆದು, ಮುಳುಗುವಷ್ಟೇ ನೀರು ಹಾಕಿ. ಉಪ್ಪು, ಖಾರ, ಅರಿಷಿಣ, ಎಣ್ಣೆ ಏನೂ ಬೇಡ. ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಬೇಯಿಸಿ. ಆರಿದ ಮೇಲೆ ಮಾಂಸವನ್ನು ಬೆರಳಿನಿಂದ ಬಿಡಿಸಿ, ಒಂದು ಎಲುಬೂ ಉಳಿಯದಂತೆ ನೋಡಿ. ಕೊರಳಿನ ಸಣ್ಣ ಮಣಿಗಳ ನಡುವೆ ಬೆರಳಾಡಿಸಿದರೆ ಎಷ್ಟು ಮಾಂಸ ಅಡಗಿದೆ ಎಂದು ಗೊತ್ತಾಗುತ್ತದೆ. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೂ ಕರುಳಿಗೂ ಚುಚ್ಚುತ್ತದೆ.

- ಕುದಿಸಿದ ನೀರು ಚೆಲ್ಲಬೇಡಿ. ಟಾರಿನ್ ನೀರಿನಲ್ಲಿ ಕರಗುತ್ತದೆ. ನೀರು ಚೆಲ್ಲಿದರೆ ನೀವು ದುಡ್ಡು ಕೊಟ್ಟು ತಂದ ಸತ್ವವೇ ಹೋಯಿತು. ಬಿಡಿಸಿದ ಮಾಂಸದ ಮೇಲೆ ಅದನ್ನೇ ಸುರಿದು ಹಾಕಿ.

- ಎಲುಬು ತೆಗೆದ ಮಾಂಸದಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಬರೀ ಮಾಂಸ ತಿಂದು ಬೆಳೆಯುವ ಮರಿಗಳ ಎಲುಬು ಮೆತ್ತಗಾಗಿ ಮುರಿಯುತ್ತವೆ. ಇದಕ್ಕೆ ಖರ್ಚಿಲ್ಲದ ದಾರಿ ತತ್ತಿಯ ಚಿಪ್ಪು. ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೆರಳಿಗೆ ಒರಟು ಹತ್ತದಂತೆ ನುಣ್ಣಗೆ ಪುಡಿ ಮಾಡಿ. ಎಲುಬಿಲ್ಲದ ಹಸಿ ಮಾಂಸ ಅರ್ಧ ಕಿಲೋಗೆ ಅರ್ಧ ಟೀ ಚಮಚ ಬೆರೆಸಿದರೆ ಸಾಕು.

- ಊಟ ಹಿಗ್ಗಿಸಲು ಮೆತ್ತಗೆ ಬೆಂದ ಅನ್ನ ಅಥವಾ ಕುಂಬಳಕಾಯಿ ಬೆರೆಸಬಹುದು. ಐದು ಪಾಲಿನಲ್ಲಿ ಒಂದು ಪಾಲು ಮೀರಬಾರದು. ರೊಟ್ಟಿಯೂ ಅಷ್ಟೇ: ಅದನ್ನು ಮಾಂಸದ ನೀರಿನಲ್ಲಿ ನೆನೆಸಿ ಒಂದು ತುಣುಕು ಹಾಕಿದರೆ ತಪ್ಪಿಲ್ಲ.

- ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಹಾಕಿದ ಊಟ ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಎತ್ತಿಬಿಡಿ. ಫ್ರಿಜ್ ಇದ್ದವರು ಎರಡು ದಿನದ್ದು ಇಡಬಹುದು. ಹೆಚ್ಚು ದಿನದ್ದಾದರೆ ಒಂದೊಂದು ಹೊತ್ತಿನ ಪಾಲು ಮಾಡಿ ಮೇಲಿನ ಬರ್ಫದ ಖಾನೆಗೆ ಹಾಕಿ. ಫ್ರಿಜ್ ಇಲ್ಲದವರು ಆ ದಿನಕ್ಕೆ ಬೇಕಾದಷ್ಟೇ ತನ್ನಿ. ಕೊಡುವಾಗ ಉಗುರುಬೆಚ್ಚಗಿರಲಿ, ವಾಸನೆ ಹತ್ತಿದರೇ ಬೆಕ್ಕು ಬಾಯಿ ಹಾಕುತ್ತದೆ.

- ಹಸಿ ಕೋಳಿ ಹಾಕಬೇಡಿ. ಅದರಲ್ಲಿ ರೋಗಾಣುಗಳಿರುತ್ತವೆ, ಹಕ್ಕಿಜ್ವರ ಬೆಕ್ಕಿಗೂ ಹತ್ತುತ್ತದೆ.

ಮಾಂಸ ತಿನ್ನದ ಮನೆಯವರಿಗೆ

- ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ತತ್ತಿಯೂ ಒಳಗೆ ಬರುವುದಿಲ್ಲ. ಆ ನಡೆಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ವ್ರತವನ್ನು ಬೆಕ್ಕಿನ ಮೇಲೆ ಹೇರಬಾರದು. ಅದರ ಹಲ್ಲು, ಕರುಳು, ಕಣ್ಣು ಎಲ್ಲವೂ ಮಾಂಸಕ್ಕೆಂದೇ ಆದವು. ಜೀವದಯೆ ಎಂದರೆ ಆ ಜೀವಕ್ಕೆ ಬೇಕಾದದ್ದನ್ನು ಕೊಡುವುದು.

- ಇಂಥ ಮನೆಗೆ ಸುಲಭದ ದಾರಿ ಅಂಗಡಿಯ ಒಣ ಕಾಳಿನ ಬೆಕ್ಕಿನಾಹಾರ. ಕುದಿಸಬೇಕಿಲ್ಲ, ಮುಟ್ಟಬೇಕಿಲ್ಲ. ಹಿತ್ತಲಲ್ಲಿ ಒಂದು ಮುಚ್ಚಳದ ಡಬ್ಬಿ, ಒಂದು ತಟ್ಟೆ, ಒಂದು ಚಮಚ ಬೇರೆ ಇಡಿ.

- ಓಣಿಯಲ್ಲಿ ಮಾಂಸ ಮಾಡುವ ಮನೆಯವರು ಇದ್ದೇ ಇರುತ್ತಾರೆ. ಮಸಾಲೆ ಹಾಕುವ ಮೊದಲೇ ನಾಲ್ಕು ತುಣುಕು ತೆಗೆದಿಡಲು ಹೇಳಿ, ಬದಲಿಗೆ ಮಜ್ಜಿಗೆಯನ್ನೋ ಕಾಯಿಪಲ್ಲೆಯನ್ನೋ ಕೊಡಿ. ಬೆಕ್ಕು ಎಷ್ಟೆಂದರೂ ಎರಡೂ ಮನೆಯ ಇಲಿ ಹಿಡಿಯುತ್ತದೆ.

ಪ್ಯಾಕೆಟ್ ಕೊಳ್ಳುವಾಗ

- ಸಣ್ಣ ಬೆಕ್ಕಿಗೆ ಒಣ ಕಾಳು ದಿನಕ್ಕೆ 50ರಿಂದ 55 ಗ್ರಾಂ, ತಿಂಗಳಿಗೆ ಸುಮಾರು ಒಂದೂವರೆ ಕಿಲೋ ಬೇಕಾಗುತ್ತದೆ. ರಸದ ಸಣ್ಣ ಪೊಟ್ಟಣದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಅದರಿಂದಲೇ ಹೊಟ್ಟೆ ತುಂಬಿಸಲು ದಿನಕ್ಕೆ ಮೂರು ಪೊಟ್ಟಣ ಬೇಕು. ಬೀಳಗಿಗೋ ಬಾಗಲಕೋಟೆಗೋ ಹೋದಾಗ ಎರಡರ ಬೆಲೆಯನ್ನೂ ದಿನದ ಲೆಕ್ಕಕ್ಕೆ ಇಳಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

- ನಾನು ಎಲ್ಲರಿಗೂ ಹೇಳುವ ದಾರಿ ಅರ್ಧ-ಅರ್ಧ. ಬೆಳಿಗ್ಗೆ 25 ಗ್ರಾಂ ಒಣ ಕಾಳು, ಸಂಜೆ ಮನೆಯಲ್ಲಿ ಬೇಯಿಸಿದ 45-50 ಗ್ರಾಂ ಕೋಳಿ ಅಥವಾ ಮೀನು. ಕಾಳಿನಿಂದ ಜೀವಸತ್ವಗಳೆಲ್ಲ ಬರುತ್ತವೆ, ಮಾಂಸದಿಂದ ಸಾರವೂ ನೀರೂ ಬರುತ್ತವೆ. ಒಂದು ಕಿಲೋ ಪ್ಯಾಕೆಟ್ ತಿಂಗಳು ದಾಟುತ್ತದೆ.

- ಪ್ಯಾಕೆಟ್ ಹಿಂಬದಿ ಓದಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಅದು ಸಂಪೂರ್ಣ ಆಹಾರವೆಂದು ಬರೆದಿರಬೇಕು, ಟಾರಿನ್ ಹೆಸರಿರಬೇಕು, ಪ್ರೋಟೀನ್ ಶೇ. 30ರ ಆಸುಪಾಸು ಇರಬೇಕು. ಚಿತ್ರ ಎಷ್ಟು ಚೆಂದವಿದೆ ಎಂಬುದನ್ನು ನೋಡಬೇಡಿ.

- ನಾಯಿಯ ಆಹಾರ ಅಗ್ಗವೆಂದು ಬೆಕ್ಕಿಗೆ ಹಾಕಬೇಡಿ. ಬೆಕ್ಕಿಗೆ ಬೇಕಾದಷ್ಟು ಟಾರಿನ್, ಪ್ರೋಟೀನ್ ಅದರಲ್ಲಿರುವುದಿಲ್ಲ.

- ದೊಡ್ಡ ಚೀಲದಿಂದ ತೂಗಿ ಕೊಡುವ ಬಿಡಿ ಕಾಳು ತರುವುದಾದರೆ ತಾಜಾ ಇದೆಯೇ ನೋಡಿ. ಕಮಟು ವಾಸನೆ ಬಂದರೆ ಬೇಡ. ಮನೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿಡಿ.

ನೀರು ಮತ್ತು ಹಾಲು

- ಬೆಕ್ಕಿನ ಮೂಲ ಮರುಭೂಮಿ ಸೀಮೆಯ ಕಾಡುಬೆಕ್ಕು. ಅದಕ್ಕೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ, ನೀರನ್ನು ಬೇಟೆಯ ಮಾಂಸದಿಂದಲೇ ಪಡೆದು ಬದುಕಿದ ಜಾತಿ ಅದು. ಒಣ ಕಾಳು ಹಾಕುವವರು ಇದನ್ನು ಮರೆಯಬಾರದು. ಅಗಲ ಬಾಯಿಯ ಮಣ್ಣಿನ ಬಟ್ಟಲಲ್ಲಿ ದಿನಾ ಹೊಸ ನೀರು ತುಂಬಿ, ಊಟದ ತಟ್ಟೆಯಿಂದ ದೂರ, ನೆರಳಿನಲ್ಲಿ ಇಡಿ. ಒಂದೆರಡು ಕಡೆ ಇಟ್ಟರೆ ಇನ್ನೂ ಒಳ್ಳೆಯದು.

- ಗಂಡುಬೆಕ್ಕು ಬೂದಿಗುಂಡಿಯಲ್ಲೋ ಮರಳಿನಲ್ಲೋ ಕೂತು ತಿಣುಕುತ್ತದೆ, ಹನಿ ಮೂತ್ರ ಬರುವುದಿಲ್ಲ, ಎದ್ದು ಹೋಗಿ ಮತ್ತೆ ಬಂದು ಕೂರುತ್ತದೆ, ಹಿಂದೆ ನೆಕ್ಕಿಕೊಳ್ಳುತ್ತದೆ. ಇದನ್ನು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರನಾಳ ಕಟ್ಟಿದೆ ಎಂದರ್ಥ, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಆ ಕ್ಷಣವೇ ಪಶುವೈದ್ಯರ ಬಳಿ ಒಯ್ಯಿರಿ.

- ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಹಾಳಾಗುತ್ತದೆ. ಭೇದಿಯಾದರೆ ತಿಂದ ಒಳ್ಳೆಯ ಊಟವೂ ಹೊರಗೆ ಹೋಯಿತು. ಕೋಲ್ಹಾರದ ಗಟ್ಟಿ ಮೊಸರು ಮನೆಗೆ ಬಂದಾಗ ಒಂದು ಚಮಚ ಹಾಕಿ, ಮೊಸರು ಹಾಲಿಗಿಂತ ಹಗುರ. ಹಾಲನ್ನು ಊಟವೆಂದು ಲೆಕ್ಕ ಹಿಡಿಯಬೇಡಿ.

ಕೊಡಲೇಬಾರದ್ದು

- ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಹಸಿ, ಬೆಂದದ್ದು, ಪುಡಿ ಎಲ್ಲವೂ ಒಂದೇ. ಆದ್ದರಿಂದ ನಮ್ಮ ಝುಣಕ, ಮಸಾಲೆ ಸಾರು, ಉಳಿದ ಮಾಂಸದ ಪಲ್ಯ ಬೆಕ್ಕಿನ ತಟ್ಟೆಗೆ ಬೇಡ. ಅದರ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ.

- ಚಾಕೊಲೇಟ್, ಚಹಾ, ಕಾಫಿ ಬೇಡ.

- ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಕೊಲ್ಲುತ್ತದೆ. ಮನುಷ್ಯರ ಯಾವ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ಹಾಕಬೇಡಿ.

- ಬೆಕ್ಕಿದ್ದ ಮನೆಯಲ್ಲಿ ಇಲಿಪಾಷಾಣ ಇಡಬೇಡಿ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೆಲವು ದಿನ ಮಂಪರಿನಲ್ಲಿ ತಿರುಗುತ್ತದೆ, ಬೆಕ್ಕಿಗೆ ಸುಲಭಕ್ಕೆ ಸಿಗುತ್ತದೆ. ಆ ವಿಷ ಬೆಕ್ಕಿನ ರಕ್ತ ಹೆಪ್ಪುಗಟ್ಟದಂತೆ ಮಾಡಿ ಒಳಗೊಳಗೇ ಸುರಿಸುತ್ತದೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಇನ್ನೂ ಬೇಗ ಕೊಲ್ಲುತ್ತದೆ. ಪಡದಲ್ಲಿ ಇಡಲೇಬೇಕಾದರೆ ಅಕ್ಕಪಕ್ಕದವರಿಗೆ ಹೇಳಿ ಇಡಿ, ಸತ್ತ ಇಲಿ ಆರಿಸಿ ಆಳವಾಗಿ ಹೂಳಿ. ತಿಂದಿದೆ ಎಂಬ ಅನುಮಾನ ಬಂದರೆ ಬಿಲ್ಲೆಯ ಪೊಟ್ಟಣವನ್ನೂ ವೈದ್ಯರ ಬಳಿ ಒಯ್ಯಿರಿ. ಬ್ರೋಮಾಡಿಯೋಲೋನಿಗೆ ಕೆ1 ಜೀವಸತ್ವ ಮದ್ದು, ಬೇಗ ಸಿಕ್ಕರೆ ಬೆಕ್ಕು ಉಳಿಯುತ್ತದೆ.

ಮರಿ, ಬಾಣಂತಿ, ಮುದಿ ಬೆಕ್ಕು

- ಮರಿಗಳಿಗೆ ನಾಲ್ಕು ವಾರದ ಮೇಲೆ ಮೆತ್ತಗಿನ ಊಟ ರೂಢಿ ಮಾಡಿಸಿ. ಆರು ತಿಂಗಳವರೆಗೆ ದಿನಕ್ಕೆ ಮೂರು-ನಾಲ್ಕು ಸಲ, ತಿನ್ನುವಷ್ಟು ಹಾಕಿ. ಮರಿಯ ಊಟದಲ್ಲಿ ಜಿಪುಣತನ ಮಾಡಿದರೆ ಜೀವನಪೂರ್ತಿ ಅದು ಕಾಯಿಲೆಯಲ್ಲೇ ಇರುತ್ತದೆ.

- ಹಾಲೂಡುವ ತಾಯಿಬೆಕ್ಕಿಗೆ ಮಾಮೂಲಿಗಿಂತ ಎರಡು-ಮೂರು ಪಟ್ಟು ಬೇಕು. ತಾಯಿಯಿಲ್ಲದ ಹಸುಗೂಸು ಮರಿಗಳಿಗೆ ಆಕಳ ಹಾಲು ತೆಳುವಾಗುತ್ತದೆ. ಬೆಕ್ಕಿನಮರಿಗೆಂದೇ ಬರುವ ಹಾಲಿನಪುಡಿಯನ್ನು ವೈದ್ಯರಲ್ಲಿ ಕೇಳಿ ತರಿಸಿ.

- ಮುದಿ ಬೆಕ್ಕಿಗೆ ಹಲ್ಲು ನೋಯುತ್ತಿರಬಹುದು. ಮಾಂಸವನ್ನು ಕಿವುಚಿ, ಬೆಚ್ಚಗಿನ ನೀರಿನಲ್ಲಿ ಸಡಿಲ ಮಾಡಿ ಕೊಡಿ.

ಊಟ ಮೈಗೆ ಹತ್ತಿದೆಯೇ ನೋಡುವ ಬಗೆ

- ಬೆಕ್ಕಿನ ಎರಡೂ ಪಕ್ಕೆಯ ಮೇಲೆ ಅಂಗೈ ಸವರಿ. ಪಕ್ಕೆಲುಬು ಬೆರಳಿಗೆ ತಿಳಿಯಬೇಕು, ಕಣ್ಣಿಗೆ ಕಾಣಬಾರದು. ಒತ್ತಿದರೂ ತಿಳಿಯದಿದ್ದರೆ ಊಟ ತುಸು ಇಳಿಸಿ. ಮುಟ್ಟುವ ಮೊದಲೇ ಎಣಿಸುವಂತಿದ್ದರೆ ಹೆಚ್ಚಿಸಿ.

- ಚೆನ್ನಾಗಿ ಹಾಕಿದರೂ ಹೊಟ್ಟೆ ಗುಡಾಣ, ಮೈ ಕಡ್ಡಿ ಎಂದರೆ ಜಂತುಹುಳು ಇರುತ್ತವೆ. ನೀವು ಹಾಕಿದ್ದನ್ನು ಹುಳು ತಿನ್ನುತ್ತಿರುತ್ತವೆ. ಪಶು ಆಸ್ಪತ್ರೆಯಲ್ಲಿ ತೂಕ ಹೇಳಿ ಜಂತಿನ ಔಷಧಿ ಹಾಕಿಸಿ. ಇದು ಸಣ್ಣ ಖರ್ಚು, ಇದರಿಂದ ಉಳಿಯುವುದು ದೊಡ್ಡದು.

- ದಪ್ಪ ಬೆಕ್ಕು ಎರಡು ದಿನ ಏನೂ ಮುಟ್ಟದಿದ್ದರೆ "ಹಸಿವಾದಾಗ ತಿಂದೀತು" ಎಂದು ಬಿಡಬೇಡಿ. ಕೊಬ್ಬು ಪಿತ್ತಜನಕಾಂಗಕ್ಕೆ ತುಂಬಿ ಜೀವಕ್ಕೇ ಅಪಾಯ.

ದುಡ್ಡು ಕಡಿಮೆ ಇದ್ದಾಗ ಯಾವುದು ಮೊದಲು

- ಮೊದಲನೆಯದು, ದಿನಾ ಒಂದು ಹಿಡಿ ಮಾಂಸ, ಮೀನು ಅಥವಾ ಸಂಪೂರ್ಣ ಕಾಳು. ತಟ್ಟೆ, ಪಟ್ಟಿ, ಆಟಿಕೆ ಎಲ್ಲ ಆಮೇಲೆ.

- ಎರಡನೆಯದು, ಜಂತಿನ ಔಷಧಿ ಮತ್ತು ರೇಬಿಸ್ ಲಸಿಕೆ.

- ಮೂರನೆಯದು, ಸಂತಾನಹರಣ ಚಿಕಿತ್ಸೆ. ಬೆಕ್ಕು ಒಂಬತ್ತು ವಾರಕ್ಕೆ ಈಯುತ್ತದೆ, ವರ್ಷಕ್ಕೆ ಎರಡು-ಮೂರು ಸೂಲು. ಒಂದು ಬೆಕ್ಕಿಗೆ ಹೊಂದಿಸಿದ ದುಡ್ಡು ಹತ್ತಕ್ಕೆ ಹಂಚಿದರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಆ ಮರಿಗಳನ್ನು ಚೀಲದಲ್ಲಿ ಕಟ್ಟಿ ಹೊಳೆದಂಡೆಗೆ ಬಿಟ್ಟು ಬರುವ ಪಾಪ ನಮ್ಮ ಊರುಗಳಲ್ಲಿ ನಿಲ್ಲಬೇಕು. ಇರುವ ಒಂದೆರಡನ್ನು ಚೆನ್ನಾಗಿ ಸಾಕೋಣ.

- ಕೊನೆಯದಾಗಿ, ಇವತ್ತು ಸಂಜೆಯೇ ಶುರು ಮಾಡಿ. ಎಲ್ಲ ಒಮ್ಮೆಲೇ ಆಗಬೇಕೆಂದಿಲ್ಲ. ಇವತ್ತಿನ ಹಾಲಿನ ಬದಲು ಅರ್ಧ ತತ್ತಿ, ಮುಂದಿನ ಸಂತೆಗೆ ಕಾಲು ಕಿಲೋ ಗುಂಡಿಗೆ-ಕೊರಳು, ಬರುವ ತಿಂಗಳು ಒಂದು ಕಿಲೋ ಕಾಳು. ಹೊಸ ಊಟವನ್ನು ಹಳೆಯದರ ಜೊತೆ ಬೆರೆಸಿ ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ, ಹೊಟ್ಟೆ ಕೆಡುವುದಿಲ್ಲ. ಒಂದೆರಡು ತಿಂಗಳಲ್ಲಿ ಕೂದಲು ಮಿರುಗುತ್ತದೆ, ಕಣ್ಣು ಚುರುಕಾಗುತ್ತದೆ, ನಿಮ್ಮ ಜೋಳದ ಚೀಲಗಳೂ ಉಳಿಯುತ್ತವೆ.